ಹನ್ನೊಂದು ಗಂಟೆಯ ದಾಹ

“ಥೂ, ಇಲ್ಲಿಗೆ ಬಂದು ನಿಂತ್ಬಿಡುತ್ತೆ ನೋಡು ಈ ಹಾಳಾದ್ದು! ಮುಂದಕ್ಕೆ ಹೋಗು ಅಂದ್ರೆ ಹೋಗಲ್ಲ!”

ಪದದಕ್ಕ ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಲ್ಲೇ ಹಿಡಿದು ನಿಲ್ಲಿಸಿದಳು. ಎದುರಿನ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಚೂಟಿ ಬೆಚ್ಚಿಬಿದ್ದಳು. ಅವಳ ಸ್ಕೂಲ್ ಸ್ಕರ್ಟು ಸೂಜಿಯ ಕೆಳಗೆ ಅರ್ಧಕ್ಕೇ ನಿಂತಿತ್ತು.

“ನನ್ನ ಜಿಪ್ಪಾ ಅಕ್ಕ?”

“ನಿನ್ನ ಜಿಪ್ಪಲ್ಲ ಕಣೇ. ಅದು ರಾಜನ ಹಾಗೆ ಕೂತಿದೆ. ನಿಂತಿರೋದು ನನ್ನ ಪದ.”

ಹಾಡು ಕಟ್ಟುವುದಕ್ಕೆ ಹಳಬರು ಪದ ಕಟ್ಟುವುದು ಎನ್ನುತ್ತಾರೆ. ಕೂತಲ್ಲಿ ನಿಂತಲ್ಲಿ ಪದ ಕಟ್ಟುತ್ತಿದ್ದುದರಿಂದ ಅವಳು ಎಲ್ಲರ ಬಾಯಲ್ಲೂ ಪದದಕ್ಕ. ಚೂಟಿಯ ಮನೆಯಿದ್ದ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅವಳ ಮಿಷನ್ನು. ಟೆರೇಸಿನ ಒಂಟಿ ಕೋಣೆಯಲ್ಲಿ ಅವಳ ವಾಸ. ವಾರವೆಲ್ಲ ಜಿಪ್ಪು ಬದಲಾಯಿಸುವುದು, ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಹರಿದ ಬ್ಯಾಗಿಗೆ ಪಟ್ಟಿ ಹಾಕುವುದು. ಭಾನುವಾರ ಬಂತೆಂದರೆ ಮಾತ್ರ ಕೈಡೋಲನ್ನು ಹೆಗಲಿಗೆ ಏರಿಸಿ ಹೊರಟುಬಿಡುತ್ತಿದ್ದಳು. ಆಸ್ಪತ್ರೆ ಮುಚ್ಚಬೇಡಿ ಎಂದು ಎಲ್ಲಾದರೂ ಜನ ಕೂತಿದ್ದರೆ ಅಲ್ಲಿ ಅವಳ ಹಾಡು. ಕಸ ಗುಡಿಸುವವರಿಗೆ ಕೈಗವಸು ಕೊಡಿ ಎಂದು ಮೆರವಣಿಗೆ ಹೊರಟಿದ್ದರೆ ಅಲ್ಲೂ ಅವಳ ಹಾಡು.

“ಅಕ್ಕ, ನೀವು ಸಿನಿಮಾಗೆ ಹಾಡು ಬರೀಬಹುದಲ್ವಾ? ಟೀವೀಲೆಲ್ಲ ಬರ್ತೀರ.”

ಪದದಕ್ಕ ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ನಕ್ಕಳು. “ಬರ್ತೀನಿ, ಬರ್ತೀನಿ. ಮೇಕಪ್ ಮಾಡೋರು ಓಡಿಹೋಗ್ತಾರೆ ಅಷ್ಟೇ.”

“ತಮಾಷೆ ಬೇಡ ಅಕ್ಕ. ನಿಜ ಹೇಳಿ. ನೀವ್ಯಾಕೆ ಇಂಥ ಹಾಡೇ ಕಟ್ಟೋದು?”

ಪದದಕ್ಕ ಗುಂಡುಪಿನ್ನನ್ನು ಡಬ್ಬಿಗೆ ಹಾಕಿದಳು.

“ಹದಿನೆಂಟು ವರ್ಷದವಳಿದ್ದಾಗ ಒಂದು ನೂಲಿನ ಮಿಲ್ಲಲ್ಲಿ ಕೆಲಸಕ್ಕಿದ್ದೆ. ನಾವು ಒಳಗೆ ಹೋದ ತಕ್ಷಣ ಹೊರಗಿಂದ ಬೀಗ ಹಾಕೋರು, ದಾರದುಂಡೆ ಕದ್ದುಬಿಡ್ತೀವಿ ಅಂತ. ಒಂದಿನ ಒಳಗೆಲ್ಲ ಹೊಗೆ ತುಂಬ್ಕೊಳ್ತು.”

“ಅಯ್ಯೋ! ಆಮೇಲೆ?”

“ಕಿಟಕಿ ಸರಳು ಬಗ್ಗಿಸಿ ಒಬ್ಬೊಬ್ರೇ ಹಾರಿದ್ವಿ. ಒಬ್ಬಳ ಕಾಲು ಮುರೀತು. ಜೀವ ಯಾರದ್ದೂ ಹೋಗ್ಲಿಲ್ಲ. ಮಾರನೇ ದಿನ ಹೋಗಿ ನೋಡಿದ್ರೆ ಬಾಗಿಲಿಗೆ ಹೊಸ ಬೀಗ! ಹಳೇದಕ್ಕಿಂತ ದೊಡ್ಡದು. ನಂಗೆ ಮೈಯೆಲ್ಲ ಉರಿದುಹೋಯ್ತು. ಬೈಯೋಣ ಅಂತ ಬಾಯಿ ತೆಗೆದೆ. ಬೈಗುಳ ಬರ್ಲಿಲ್ಲ ನೋಡು, ಆ ಬೀಗದ ಮೇಲೆ ಪದ ಬಂತು. ಸಾಯಂಕಾಲದ ಹೊತ್ತಿಗೆ ಮಿಲ್ಲಿಗೆ ಮಿಲ್ಲೇ ಹಾಡ್ತಿತ್ತು.”

“ಬೀಗ ತೆಗೆದ್ರಾ?”

“ತೆಗೆದ್ರು. ಅದಕ್ಕೆ ಮುಂಚೆ ನನ್ನನ್ನ ತೆಗೆದ್ರು.”

ಚೂಟಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪದದಕ್ಕನೇ ನಕ್ಕಮೇಲೆ ತಾನೂ ನಕ್ಕಳು.

ಈಗ ಕಟ್ಟುತ್ತಿದ್ದ ಪದ ಊರಾಚೆಯ ಅಂಗಿ ಫ್ಯಾಕ್ಟರಿಯದು. ಈ ಕಟ್ಟಡದ ಅರ್ಧ ಹೆಂಗಸರಿಗೆ ಅಲ್ಲೇ ಕೆಲಸ. ಚೂಟಿಯ ಅಮ್ಮ ಅಲ್ಲಿ ಕಾಲರ್ ಹೊಲಿಯುತ್ತಿದ್ದಳು. ಭಾನುವಾರ ಫ್ಯಾಕ್ಟರಿಯ ಸಂಘದವರ ಮೀಟಿಂಗು. ಅಷ್ಟರಲ್ಲಿ ಒಂದು ಹಾಡು ಬೇಕು ಎಂದು ಕೇಳಿದ್ದರು.

“ಕೇಳಿಲ್ಲಿ,” ಎಂದು ಪದದಕ್ಕ ಸ್ಕರ್ಟಿನ ಕೊನೆಯ ಹೊಲಿಗೆ ಮುಗಿಸಿ, ಅದನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಹಾಡಿದಳು.

ನೂರು ಊರಿಗೆ ಅಂಗಿ ಹೊಲಿದೆವು,
ಕಾಲರು ಹೊಲಿದೆವು, ತೋಳು ಹೊಲಿದೆವು…

“ಆಮೇಲೆ ಏನು? ‘ನಮ್ಮ ಕಷ್ಟ ಕೇಳೋರಿಲ್ಲ’ ಅಂತ ಹಾಕಬಹುದು. ಆದ್ರೆ ಕಷ್ಟ ಅಂದ್ರೆ ಯಾರಿಗೆ ಏನು ಕಾಣುತ್ತೆ ಹೇಳು? ಕೇಳಿದ ತಕ್ಷಣ ಕಣ್ಮುಂದೆ ಬರೋ ಅಂಥದ್ದು ಬೇಕು.”

ಚೂಟಿ ಕಾಲಾಡಿಸುತ್ತಲೇ ಹೇಳಿದಳು, “ನಮ್ಮಮ್ಮ ದಿನಾ ಬಾಟ್ಲಿ ತುಂಬ ನೀರು ತಗೊಂಡು ಹೋಗ್ತಾಳೆ. ಸಾಯಂಕಾಲ ತುಂಬಿದ ಬಾಟ್ಲೀನೇ ವಾಪಸ್ ತರ್ತಾಳೆ.”

“ಏನಂದೆ?”

“ಕುಡಿಯೋದೇ ಇಲ್ಲ ಅಕ್ಕ. ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಲ್ಲ? ಅವರು ಕೂರೋ ಮಿಷನ್ ಲೈನಿಗೆಲ್ಲ ಸೇರಿ ಒಂದೇ ಒಂದು ಟೋಕನ್ನಂತೆ. ಅದು ಕೈಗೆ ಬರೋವರೆಗೂ ಮಿಷನ್ ಬಿಟ್ಟು ಏಳೋ ಹಾಗಿಲ್ಲ. ಅದಕ್ಕೇ ಗಂಟಲು ಒಣಗಿದ್ರೂ ನೀರು ಮುಟ್ಟಲ್ಲ.”

ಪದದಕ್ಕ ಚೂಟಿಯನ್ನು ನೋಡುತ್ತಿದ್ದಳು. ನೋಡುತ್ತಿದ್ದಳು ಅಷ್ಟೇ, ಅವಳಿಗೆ ಚೂಟಿ ಕಾಣುತ್ತಿರಲಿಲ್ಲ. ಅವಳ ಪಾದ ತನ್ನಷ್ಟಕ್ಕೆ ತಾನೇ ಮಿಷನ್ನಿನ ಪೆಡಲನ್ನು ತುಳಿಯತೊಡಗಿತು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಟಕಟಕ, ಟಕಟಕ, ಟಕಟಕ. ಅವಳ ತುಟಿ ಅಲ್ಲಾಡಿತು. ಒಂದು ಮಾತು ಬಂತು. ತಲೆಯಾಡಿಸಿ ಅದನ್ನು ಬಿಟ್ಟಳು. ಇನ್ನೊಂದು ಬಂತು. ಬಟ್ಟೆಗೆ ಗುರುತು ಹಾಕುವ ಚಾಕ್ ಎತ್ತಿಕೊಂಡು ಮಿಷನ್ನಿನ ಹಲಗೆಯ ಮೇಲೇ ಬರೆದಳು. ಅಂಗೈಯಿಂದ ಒರೆಸಿದಳು. ಮತ್ತೆ ಬರೆದಳು.

ಚೂಟಿಯ ಕಾಲು ಆಡುವುದು ನಿಂತಿತು. ಅಂಗಡಿಯಲ್ಲಿ ಸಿಗುವುದೆಲ್ಲ ಎಲ್ಲೋ ತಯಾರಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಡೂ ತಯಾರಾಗುತ್ತದೆ, ಅದೂ ಹೀಗೆ, ಚಾಕಿನ ಪುಡಿ ಮೆತ್ತಿದ ಕೈಯಲ್ಲಿ, ಮೆಟ್ಟಿಲ ಕೆಳಗೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಪದದಕ್ಕ ತಲೆಯೆತ್ತಿದಳು. ಅವಳ ದನಿ ದೊಡ್ಡದೇನಲ್ಲ, ಸ್ವಲ್ಪ ಒಡಕು ಬೇರೆ. ಆದರೂ ಚೂಟಿಯ ತೋಳಿನ ಮೇಲೆ ಕೂದಲು ನಿಮಿರಿ ನಿಂತವು.

ತುಂಬಿದ ಬಾಟಲಿ ಮನೆಯಿಂದ ಹೊರಟಿತು,
ತುಂಬಿದ ಬಾಟಲಿ ಮನೆಗೆ ಬಂತು.
ನಡುವಿನ ಹತ್ತು ಗಂಟೆಯ ದಾಹ
ಯಾರ ಅಂಗಿಗೆ ಹೊಲಿದು ಹೋಯ್ತು?

“ಅದು… ಅದು ನಾನು ಹೇಳಿದ್ದು!” ಎಂದಳು ಚೂಟಿ.

“ಹೌದು ಕಣೇ ತಾಯಿ. ನೀನೇ ಹೇಳಿದ್ದು.” ಪದದಕ್ಕ ಸ್ಕರ್ಟನ್ನು ಅವಳ ಮಡಿಲಿಗೆ ಎಸೆದಳು. “ಜಿಪ್ಪಿನ ಲೆಕ್ಕ ಅದರಲ್ಲೇ ವಜಾ. ಓಡು!”

ಮನೆಯ ಮೆಟ್ಟಿಲೇರುವಾಗ ಚೂಟಿಗೆ ಒಂದು ಮಾತು ನೆನಪಾಯಿತು. ಬಾಟಲಿಯ ಸಂಗತಿಯನ್ನು ಅಮ್ಮ ಒಂದು ದಿನ ಕಿಬ್ಬೊಟ್ಟೆ ಹಿಡಿದು ಮುದುರಿ ಮಲಗಿದ್ದಾಗ ಹೇಳಿದ್ದಳು. ‘ಯಾರ ಹತ್ರಾನೂ ಹೇಳ್ಬೇಡ’ ಎಂದು ಹೇಳಿದ್ದಳೋ ಇಲ್ಲವೋ? ಹೇಳಿರಲಿಕ್ಕಿಲ್ಲ ಅಂದುಕೊಂಡಳು ಚೂಟಿ.

* * *

ಭಾನುವಾರ ಮೀಟಿಂಗಿನಲ್ಲಿ ಪದದಕ್ಕ ಆ ಹಾಡನ್ನು ಒಂದೇ ಒಂದು ಸಲ ಹಾಡಿದಳಂತೆ. ಚೂಟಿಯ ಅಮ್ಮ ಮೀಟಿಂಗಿಗೆ ಹೋಗಿರಲಿಲ್ಲ. ಬಟ್ಟೆ ಒಗೆಯುವ ದಿನ ಅದು. ಆದರೆ ಹಾಡು ಬಸ್ಸು ಹತ್ತಿತು. ಸೋಮವಾರ ಬೆಳಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಗುನುಗಿದರು. ಮಂಗಳವಾರ ನೆರೆಮನೆಯ ನಲ್ಲಿಯ ಹತ್ತಿರ ಕೇಳಿಸಿತು. ಬುಧವಾರ ಅದು ಸ್ಕೂಲಿಗೇ ಬಂದುಬಿಟ್ಟಿತು.

ತಂದವಳು ಪಟಾಕಿ. ಚೂಟಿಯ ಪಕ್ಕದ ಸೀಟಿನ ಗೆಳತಿ ಅವಳು. ಬಾಯಿ ತೆಗೆದರೆ ಸಿಡಿಯುವುದು ನಿಲ್ಲುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಅವಳ ಅಮ್ಮನೂ ಅದೇ ಫ್ಯಾಕ್ಟರಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು.

“ಹೊಸ ಸಾಂಗ್ ಕೇಳೇ!” ಎಂದು ಪಟಾಕಿ ಡೆಸ್ಕಿನ ಮೇಲೆ ತಾಳ ಹಾಕುತ್ತ ಶುರು ಮಾಡಿದಳು. “ತುಂಬಿದ ಬಾಟಲಿ ಮನೆಯಿಂದ ಹೊರಟಿತು… ಸೂಪರಾಗಿದೆ ಅಲ್ವಾ? ನಮ್ಮಮ್ಮ ಪಾತ್ರೆ ತೊಳೀತಾ ಹಾಡ್ತಾಳೆ. ಅಳ್ತಾಳೆ ಬೇರೆ!”

ಚೂಟಿಗೆ ತಡೆದುಕೊಳ್ಳಲಾಗಲಿಲ್ಲ. ಎದೆಯೊಳಗೆ ಬಲೂನು ಊದಿದ ಹಾಗಾಯಿತು.

“ಅದು ನನ್ನ ಸಾಲು.”

“ಹೋಗೇ ಸುಳ್ಳಿ.”

“ಆಣೆಗೂ! ನಾನೇ ಪದದಕ್ಕಂಗೆ ಹೇಳಿದ್ದು. ಆ ಬಾಟ್ಲಿ ಇದ್ಯಲ್ಲ, ಅದು ನಮ್ಮಮ್ಮಂದು. ನೀಲಿ ಮುಚ್ಚಳ. ಬೇಕಾದ್ರೆ ಬಂದು ನೋಡು.”

ಪಟಾಕಿಯ ಕಣ್ಣು ಅಗಲವಾಯಿತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಕ್ಲಾಸಿಗೆಲ್ಲ ಗೊತ್ತಾಗಿತ್ತು. ಹಿಂದಿನ ಬೆಂಚಿನವರೂ ತಿರುಗಿ ತಿರುಗಿ ಚೂಟಿಯನ್ನು ನೋಡಿದರು. ಅವಳ ಜೀವನದಲ್ಲೇ ಅಷ್ಟು ಒಳ್ಳೆಯ ಬುಧವಾರ ಬಂದಿರಲಿಲ್ಲ.

ಶುಕ್ರವಾರ ಸಾಯಂಕಾಲ ಅಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟು ಅಲ್ಲೇ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಪಾದಗಳು ಊದಿಕೊಂಡಿದ್ದವು.

“ಅಮ್ಮಾ, ಏನಾಯ್ತು?”

“ಮಿಷನ್ನಿಂದ ಎಬ್ಬಿಸಿದ್ರು. ದಾರ ಕತ್ತರಿಸೋ ಟೇಬಲ್ಲಿಗೆ ಹಾಕಿದ್ದಾರೆ. ದಿನಾ ಪೂರ್ತಿ ನಿಂತೇ ಇರಬೇಕು.” ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೂಟಿಗೆ ಅಷ್ಟು ಭಯವಾಗುತ್ತಿರಲಿಲ್ಲ. “ಹನ್ನೆರಡು ವರ್ಷ ಆಯ್ತು ನಾನು ಕಾಲರ್ ಹೊಲಿಯೋಕೆ ಶುರುಮಾಡಿ. ಸೂಪರ್‌ವೈಸರ್ ಬಂದು ಎಲ್ಲರೆದುರಿಗೆ ಕೇಳಿದ, ‘ಏನಮ್ಮಾ, ಹಾಡಲ್ಲಿ ಬರೋ ಬಾಟ್ಲಿ ನಿಂದೇ ಅಂತೆ?’ ಅಂತ. ಎಲ್ರೂ ನನ್ನ ಮುಖ ನೋಡಿದ್ರು.”

ಚೂಟಿಯ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು.

“ಅವನಿಗೆ ಹೇಗೆ ಗೊತ್ತಾಯ್ತು ಅಂತ ಯೋಚನೆ ಮಾಡ್ತಾ ಬಂದೆ ದಾರಿಯುದ್ದಕ್ಕೂ. ಗುಂಡಿ ಸೆಕ್ಷನ್ನಿಂದ ಬಂತಂತೆ ಮಾತು. ಅಲ್ಲಿಗೆ ಸ್ಕೂಲಿಂದ ಬಂತಂತೆ.”

“ಅಮ್ಮಾ…”

“ನಾನು ಟಾಯ್ಲೆಟ್ಟಿಗೆ ಹೋಗೋದೂ ಬಿಡೋದೂ ಊರಿಗೆಲ್ಲ ಹಾಡಾಯ್ತಲ್ಲ ಚೂಟಿ. ಬಸ್ ಡ್ರೈವರ್ ಕೂಡ ಹಾಡ್ತಾನೆ. ಅದನ್ನ ನಾನು ನಿಂಗೊಬ್ಬಳಿಗೇ ಹೇಳಿದ್ದು.”

ಅಷ್ಟು ಹೇಳಿ ಅಮ್ಮ ಎದ್ದು ಒಳಗೆ ಹೋದಳು. ಅಪ್ಪ ಲಾರಿ ತೆಗೆದುಕೊಂಡು ದೂರದ ಊರಿಗೆ ಹೋಗಿದ್ದ. ನಾಲ್ಕು ದಿನಕ್ಕೆ ಬರುವವನು. ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಏನೂ ಇಲ್ಲ. ಚೂಟಿಗೆ ಅಲ್ಲಿ ಇರಲಾಗಲಿಲ್ಲ. ದಡದಡ ಮೆಟ್ಟಿಲಿಳಿದು ಹೋದಳು.

ಪದದಕ್ಕ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಚೂಟಿ ಅಳುತ್ತಾ, ಮೂಗೊರೆಸುತ್ತಾ, ತಲೆಬುಡವಿಲ್ಲದೆ ಎಲ್ಲ ಹೇಳಿದಳು. ಸ್ಕೂಲಿನಲ್ಲಿ ಜಂಬ ಕೊಚ್ಚಿದ್ದನ್ನೂ ಬಿಡಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದಳು. ‘ಹೋಗಲಿ ಬಿಡು’ ಎಂದಾದರೂ ಅನ್ನುತ್ತಾಳೆ ಅಂದುಕೊಂಡಿದ್ದಳು. ಪದದಕ್ಕ ಎರಡೂ ಮಾಡಲಿಲ್ಲ. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಸೂಪರ್‌ವೈಸರ್, ಮ್ಯಾನೇಜರ್, ಪೊಲೀಸು ಯಾರಿಗೂ ಹೆದರದ ಅವಳ ಮುಖ ಬಿಳಿಚಿಕೊಂಡಿತ್ತು.

“ನಡಿ,” ಎಂದಳು.

* * *

ಪದದಕ್ಕ ಬಾಗಿಲಲ್ಲೇ ನಿಂತಳು. ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು. ತಲೆ ಎತ್ತಿದಳು, ಬನ್ನಿ ಅನ್ನಲಿಲ್ಲ.

“ಮಗೂಗೆ ಏನೂ ಅನ್ಬೇಡಿ,” ಎಂದಳು ಪದದಕ್ಕ. “ಅವಳು ಬಾಯಿ ತಪ್ಪಿ ಹೇಳಿದ್ದು. ನಾನು ಗೊತ್ತಿದ್ದೂ ಮಾಡಿದ್ದು. ಆ ಸಾಲು ಹಾಡೋ ಮುಂಚೆ ನಾಲ್ಕು ಮೆಟ್ಟಿಲು ಹತ್ತಿ ಬಂದು ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ.”

“ಯಾಕೆ ಕೇಳ್ಲಿಲ್ಲ?”

ಪದದಕ್ಕ ಬಾಗಿಲ ಚೌಕಟ್ಟಿಗೆ ಕೈ ಊರಿದಳು. “ಸಾಲು ತುಂಬ ಚೆನ್ನಾಗಿತ್ತು. ನೀವು ಬೇಡ ಅಂದ್ಬಿಟ್ರೆ ಅಂತ ಹೆದರಿಕೆ ಆಯ್ತು.”

ದೊಡ್ಡವರು ಹೀಗೆ ಮಾತಾಡುವುದನ್ನು ಚೂಟಿ ಕೇಳಿರಲಿಲ್ಲ. ಅಮ್ಮನ ಚಾಕು ನಿಂತಿತು.

“ನಿಮ್ಮ ಅನುಮತಿ ಇಲ್ದೆ ಇನ್ನು ಆ ಪದ ನನ್ನ ಬಾಯಲ್ಲಿ ಬರಲ್ಲ,” ಎಂದಳು ಪದದಕ್ಕ. “ಸಂಘದವರಿಗೂ ಹೇಳ್ತೀನಿ. ಆದ್ರೆ ಬೇರೆಯವರ ಬಾಯಿಂದ ಅದನ್ನ ವಾಪಸ್ ತಗೊಳ್ಳೋಕೆ ನನ್ನಿಂದ ಆಗಲ್ಲ. ಅದಕ್ಕೇ ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗ್ತಿದೆ.”

ಒಲೆಯ ಮೇಲೆ ನೀರು ಕೊತಕೊತ ಅನ್ನುತ್ತಿತ್ತು. ಅಮ್ಮ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು, ಅದನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದಳು.

“ನಾನು ಅದನ್ನ ಪೂರ್ತಿ ಕೇಳೇ ಇಲ್ಲ,” ಎಂದಳು ಕೊನೆಗೆ. “ಬಸ್ಸಲ್ಲಿ ಒಂದು ಸಾಲು, ನಲ್ಲಿ ಹತ್ರ ಒಂದು ಸಾಲು. ಕೂತ್ಕೊಳ್ಳಿ. ಹಾಡಿ.”

ಪದದಕ್ಕ ಅಡುಗೆಮನೆಯ ನೆಲದ ಮೇಲೆ ಕೂತಳು. ಕೈಡೋಲು ಇರಲಿಲ್ಲ, ಮಿಷನ್ನೂ ಇರಲಿಲ್ಲ. ಮಗುವಿಗೆ ಹೇಳುವಷ್ಟು ಮೆಲ್ಲಗೆ ಹಾಡಿದಳು. ಕಾಲರಿನ ಸಾಲು ಬಂತು, ತೋಳಿನ ಸಾಲು ಬಂತು, ಬಾಟಲಿಯ ಸಾಲು ಬಂತು. ಅಮ್ಮ ಹಾಡುವವಳ ಮುಖವನ್ನು ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದಳು.

ಹಾಡು ಮುಗಿಯಿತು.

“ತಪ್ಪಿದೆ,” ಎಂದಳು ಅಮ್ಮ.

“ಏನು?”

“ಹತ್ತು ಗಂಟೆ ಅಲ್ಲ, ಹನ್ನೊಂದು. ಏಳಕ್ಕೆ ಬಸ್ಸು ಹತ್ತಿದ್ರೆ ಮನೆ ಸೇರೋದು ಆರಕ್ಕೆ. ಬಸ್ಸಲ್ಲಿ ಕೂತಾಗ ನಂಗೇನು ಬಾಯಾರಿಕೆ ಆಗಲ್ವಾ?”

ಪದದಕ್ಕ ತಬ್ಬಿಬ್ಬಾದಳು. “ಹನ್ನೊಂದು ಅಂದ್ರೆ… ಅಲ್ಲಿ ತಾಳ ಸ್ವಲ್ಪ ಕುಂಟುತ್ತೆ.”

“ಕುಂಟಲಿ. ನಾವೇನು ಅಲ್ಲಿ ಡ್ಯಾನ್ಸ್ ಮಾಡ್ತೀವಾ? ಹಾಡ್ಲೇಬೇಕು ಅಂತಿದ್ರೆ ಸರಿಯಾಗಿ ಹಾಡಿ.”

ಪದದಕ್ಕ ಅಮ್ಮನನ್ನೇ ನೋಡಿದಳು. “ಹಾಗಾದ್ರೆ…”

“ಎಬ್ಬಿಸಿದ್ದಂತೂ ಆಯ್ತು,” ಎಂದಳು ಅಮ್ಮ. “ಇನ್ನು ಬಾಯಿ ಮುಚ್ಚಿಕೊಂಡಿದ್ರೆ ಕೂರಿಸ್ತಾರಾ?”

ಆಮೇಲೆ ಅಮ್ಮ ಮಾತಾಡಿದಳು. ಟಾಯ್ಲೆಟ್ಟು ಎರಡು ಅಂತಸ್ತು ಕೆಳಗಿರುವುದು, ಊಟದ ಹೊತ್ತಿನಲ್ಲಿ ಹೋಗೋಣವೆಂದರೆ ಕ್ಯೂ ಮೆಟ್ಟಿಲವರೆಗೆ ಬರುವುದು, ಪಕ್ಕದ ಮಿಷನ್ನಿನ ಗರ್ಭಿಣಿ ಹುಡುಗಿ ಟೋಕನ್ನಿಗಾಗಿ ಕಾದು ಕಾದು ಅತ್ತಿದ್ದು. ಆಲೂಗಡ್ಡೆ ಹಾಗೇ ಉಳಿಯಿತು. ಪದದಕ್ಕ ಒಂದಕ್ಷರ ಬರೆದುಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಜೇಬಿನಿಂದ ಪೆನ್ನು ತೆಗೆದು, ಇನ್ನೂ ಅದರ ಮುಚ್ಚಳ ತೆಗೆಯದೆ ಕೇಳಿದಳು:

“ಇದರಲ್ಲಿ ಯಾವ್ದನ್ನ ಬರ್ಕೊಳ್ಳಲಿ, ಯಾವ್ದನ್ನ ಬಿಡ್ಲಿ?”

“ಆ ಹುಡುಗೀದು ಬಿಡಿ. ಅದನ್ನ ಅವಳನ್ನೇ ಕೇಳ್ಬೇಕು,” ಎಂದಳು ಅಮ್ಮ.

* * *

ಮರುದಿನ ಶನಿವಾರ, ಸ್ಕೂಲು ಅರ್ಧ ದಿನ. ಗೇಟಿನಿಂದ ಹೊರಬೀಳುತ್ತಿದ್ದಂತೆ ಪಟಾಕಿ ಚೂಟಿಯ ಕೈ ಹಿಡಿದೆಳೆದಳು. “ಬೇಗ ಬಾರೇ! ಫ್ಯಾಕ್ಟರಿಯವರು ಬೆಳಗ್ಗೆ ಬಸ್ಸಲ್ಲೇ ಮಾತಾಡ್ಕೊಂಡ್ರಂತೆ, ಊಟಕ್ಕೆ ಅಂತ ಹೊರಗೆ ಬಂದವರು ಟೋಕನ್ ತೆಗೆಯೋವರೆಗೂ ಒಳಗೆ ಹೋಗಲ್ಲ ಅಂತಿದ್ದಾರಂತೆ!”

“ನಮ್ಮಮ್ಮ ಇರ್ತಾಳಾ?”

“ನಮ್ಮಮ್ಮಾನೇ ಇದ್ದಾಳಂತೆ! ಹಲ್ಲಿ ನೋಡಿದ್ರೆ ಕಿರುಚೋಳು!”

ಇಬ್ಬರೂ ಓಡಿಹೋಗಿ ಫ್ಯಾಕ್ಟರಿ ಕಡೆಯ ಬಸ್ಸು ಹತ್ತಿದರು.

ಫ್ಯಾಕ್ಟರಿಯ ಗೇಟಿನ ಎದುರಿನ ರಸ್ತೆ ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ಹೆಂಗಸರಿಂದ ತುಂಬಿಹೋಗಿತ್ತು. ಎಲ್ಲರ ಮೈಮೇಲೂ ಅದೇ ಬೂದು ಏಪ್ರನ್ನು, ಎಲ್ಲರ ತಲೆಗೂ ಅದೇ ಬಟ್ಟೆಯ ಟೋಪಿ. ಇಷ್ಟೊಂದು ಜನ ಒಳಗಿದ್ದರೇ ಎಂದು ಚೂಟಿಗೆ ಬೆರಗಾಯಿತು. ಬಸ್ಸಿನಲ್ಲಿ ಅವರನ್ನು ಅಷ್ಟಷ್ಟೇ ನೋಡಿದ್ದಳು. ಟೀ ಅಂಗಡಿಯವನು ಒಲೆ ಆರಿಸಿ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಹುಡುಗಿಯರಿಬ್ಬರೂ ಅದೇ ಬೆಂಚು ಹತ್ತಿದರು.

ಗೇಟಿನೊಳಗಿನ ಮೆಟ್ಟಿಲ ಮೇಲೆ ಮ್ಯಾನೇಜರ್ ಮೈಕು ಹಿಡಿದು ನಿಂತಿದ್ದರು. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಬೆವರೊರೆಸಿಕೊಳ್ಳುತ್ತಿದ್ದರು.

“ನೋಡ್ರಮ್ಮಾ, ನಮ್ಮ ನಮ್ಮಲ್ಲಿ ಏನಿದ್ರೂ ಮಾತಾಡಿ ಬಗೆಹರಿಸ್ಕೊಳ್ಳೋಣ. ಹೊರಗಿನವರ ಮಾತು ಕಟ್ಕೊಂಡು ಕುಣೀಬೇಡಿ. ಆ ಹಾಡೋ ಹೆಂಗಸಿಗೆ ಈ ಫ್ಯಾಕ್ಟರಿಯಲ್ಲಿ ಏನು ಕೆಲಸ? ಅವರು ಮೊದಲು ಇಲ್ಲಿಂದ ಹೋಗ್ಲಿ.”

ಎಲ್ಲರೂ ತಿರುಗಿ ನೋಡಿದರು. ಪದದಕ್ಕ ಗೇಟಿನ ಹತ್ತಿರವೇ ಇದ್ದಳು. ಕೈಡೋಲು ಅವಳ ಕೈಯಲ್ಲಿತ್ತು. ಹಾಡು ಶುರು ಮಾಡುತ್ತಾಳೆ, ಮ್ಯಾನೇಜರ್ ಬಾಯಿ ಮುಚ್ಚಿಸುತ್ತಾಳೆ ಎಂದು ಚೂಟಿ ಮುಷ್ಟಿ ಬಿಗಿದು ಕಾದಳು.

ಪದದಕ್ಕ ಕೈಡೋಲನ್ನು ಚೀಲದೊಳಗೆ ಹಾಕಿ, ಜಿಪ್ಪೆಳೆದಳು. ಜನರ ನಡುವೆ ದಾರಿ ಮಾಡಿಕೊಂಡು, ರಸ್ತೆ ದಾಟಿ ಟೀ ಅಂಗಡಿಯ ಗೋಡೆಗೆ ಒರಗಿ ನಿಂತಳು.

“ಅಕ್ಕ! ಯಾಕೆ ಬಂದ್ಬಿಟ್ರಿ? ಹಾಡಲ್ವಾ?” ಚೂಟಿಗೆ ಅಳುವೇ ಬಂತು.

“ಅವರು ಹೇಳಿದ್ದು ಸರಿ ತಾನೆ? ಅಲ್ಲಿ ಕಾಲರ್ ಹೊಲಿಯೋಳು ನಾನಲ್ಲ.” ಪದದಕ್ಕ ಕೈಕಟ್ಟಿಕೊಂಡಳು. “ಈಗ ನೋಡು.”

ಮ್ಯಾನೇಜರ್ ಸ್ವಲ್ಪ ಧೈರ್ಯ ತಂದುಕೊಂಡರು. “ಈಗ ಹೇಳಿ. ನಿಮ್ಮಲ್ಲಿ ಯಾರಿಗೆ ತೊಂದರೆ ಇದೆ? ಹಾಡಲ್ಲಿ ಬೇಡ, ಮಾತಲ್ಲಿ ಹೇಳಿ. ಒಬ್ಬರು ಮುಂದೆ ಬನ್ನಿ.”

ಒಂದು ಟೋಪಿಯೂ ಅಲ್ಲಾಡಲಿಲ್ಲ.

ಆಗ ಬೂದು ಏಪ್ರನ್ನುಗಳ ನಡುವಿನಿಂದ ಒಬ್ಬಳು ಹೊರಬಂದಳು. ನಡಿಗೆ ನಿಧಾನ, ಪಾದ ಊದಿದವರ ನಡಿಗೆ. ಅಮ್ಮ.

“ಸಾರ್, ನಮ್ಮ ಲೈನಲ್ಲಿ ಅರವತ್ತು ಜನ ಇದ್ದೀವಿ. ಟೋಕನ್ ಒಂದು. ಕೆಳಗೆ ಹೋಗಿ ಬರೋಕೆ ಹತ್ತು ನಿಮಿಷ ಬೇಕು. ಶಿಫ್ಟು ಒಂಬತ್ತು ಗಂಟೆ.” ಮನೆಯಲ್ಲಿ ಹಾಲಿನವನ ಹತ್ತಿರ ಮಾತಾಡುವ ದನಿಯೇ ಅದು, ಸ್ವಲ್ಪ ಜೋರು ಅಷ್ಟೇ. “ಲೆಕ್ಕ ನೀವೇ ಹಾಕಿ ಸಾರ್.”

ಚೂಟಿ ಗೊತ್ತಿಲ್ಲದೆಯೇ ಲೆಕ್ಕ ಹಾಕತೊಡಗಿದಳು. ಅರವತ್ತು ಹತ್ತಲೆ ಆರುನೂರು ನಿಮಿಷ. ಒಂಬತ್ತು ಗಂಟೆಗೆ ಐನೂರ ನಲವತ್ತು. ಅರವತ್ತು ನಿಮಿಷ ಕಡಿಮೆ ಬೀಳುತ್ತದೆ. ಒಬ್ಬೊಬ್ಬರೂ ದಿನಕ್ಕೆ ಒಂದೇ ಒಂದು ಸಲ ಹೋದರೂ…

“ಆರು ಜನಕ್ಕೆ ಟೋಕನ್ನೇ ಸಿಗಲ್ಲ!” ಎಂದು ಬೆಂಚಿನ ಮೇಲಿಂದ ಕೂಗಿಬಿಟ್ಟಳು.

ಹತ್ತಿರ ನಿಂತವರು ನಕ್ಕರು. ಮ್ಯಾನೇಜರ್ ನಗಲಿಲ್ಲ. ಅವರೂ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ, ಮೈಕು ಕೆಳಗಿಳಿದಿತ್ತು.

ಹಾಡನ್ನು ಯಾರು ಶುರು ಮಾಡಿದರೋ ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಎಲ್ಲೋ ಗುಂಯ್ ಎಂದಿತು. ಒಂದು ಕಡೆಯವರು ಮೊದಲು, ಇನ್ನೊಂದು ಕಡೆಯವರು ಅರ್ಧ ಸಾಲು ಹಿಂದೆ. ರಾಗ ಅಂಕುಡೊಂಕು. ‘ಹತ್ತು ಗಂಟೆ’ ಎಂದರು ಕೆಲವರು, ‘ಹನ್ನೊಂದು’ ಎಂದರು ಕೆಲವರು. ಆಮೇಲೆ ಹೇಗೋ ಎಲ್ಲ ದನಿಗಳೂ ಒಂದನ್ನೊಂದು ಹುಡುಕಿಕೊಂಡವು. ಎರಡನೇ ಸಲ ಬಾಟಲಿ ಮನೆಯಿಂದ ಹೊರಡುವಾಗ ಟೀ ಅಂಗಡಿಯ ಗ್ಲಾಸುಗಳು ಕಿಣಿಕಿಣಿ ಅಂದವು. ಬೆಂಚಿನ ಹಲಗೆ ಚೂಟಿಯ ಪಾದದ ಕೆಳಗೆ ನಡುಗಿತು. ಸಾವಿರ ಜನರ ಹನ್ನೊಂದು ಗಂಟೆಯ ಬಾಯಾರಿಕೆಯೆಲ್ಲ ಒಟ್ಟಿಗೆ ದನಿ ತೆಗೆದರೆ ಹೇಗಿರಬೇಡ! ಪಟಾಕಿ ಕೂಡ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದಳು.

ಎಲ್ಲಕ್ಕಿಂತ ಮುಂದೆ ಅಮ್ಮ ಇದ್ದಳು. ಕತ್ತು ನೆಟ್ಟಗೆ, ಬಾಯಿ ದೊಡ್ಡದಾಗಿ ತೆರೆದಿತ್ತು. ಅವಳೊಬ್ಬಳ ದನಿ ಕೇಳಲು ಚೂಟಿ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಪದದಕ್ಕನ ಕಡೆ ತಿರುಗಿದಳು. ಪದದಕ್ಕ ಹಾಡುತ್ತಿರಲಿಲ್ಲ. ಗೋಡೆಗೆ ಒರಗಿ, ತಾನೇ ಕಟ್ಟಿದ ಹಾಡನ್ನು, ಯಾರೋ ದೊಡ್ಡವರು ಹಾಡುವುದನ್ನು ಮೊದಲ ಸಲ ಕೇಳುವ ಮಗುವಿನ ಹಾಗೆ ಕೇಳುತ್ತಿದ್ದಳು.

* * *

ಮ್ಯಾನೇಜರ್ ಅಂದೇ ಏನೂ ಒಪ್ಪಲಿಲ್ಲ. ಮತ್ತೂ ನಾಲ್ಕು ದಿನ ಮಾತುಕತೆ ನಡೆಯಿತು. ಗುರುವಾರ ಬೆಳಗ್ಗೆ ಹೆಂಗಸರು ಒಳಗೆ ಹೋದಾಗ ಟೋಕನ್ ನೇತುಹಾಕುವ ಮೊಳೆಗಳು ಖಾಲಿಯಿದ್ದವು. ಕೆಲವರು ಸುಮ್ಮನೆ ಎದ್ದು ಹೋಗಿ ಬಂದರಂತೆ, ಹೋಗಬಹುದಲ್ಲ ಎಂಬ ಖುಷಿಗೆ. ಅಮ್ಮನನ್ನು ಮಾತ್ರ ತಿಂಗಳ ಕೊನೆವರೆಗೂ ದಾರದ ಟೇಬಲ್ಲಿನಲ್ಲೇ ನಿಲ್ಲಿಸಿದರು. ಸಂಘದವರು ಮೂರು ಸಲ ಹೋಗಿ ಕೇಳಿದ ಮೇಲೆ ಅವಳ ಮಿಷನ್ನು ಅವಳಿಗೆ ಸಿಕ್ಕಿತು.

ಅಷ್ಟರಲ್ಲಿ ಪದದಕ್ಕ ಹೊರ ಊರಿಗೆ ಹೋಗಿದ್ದಳು. ಅಲ್ಲಿ ಇಟ್ಟಿಗೆ ಹೊರುವವರು ಕರೆದಿದ್ದರು. ಹೊರಡುವ ಮುಂಚೆ ಚೂಟಿಯ ತಲೆಗೊಂದು ಮೊಟಕಿ, “ಬಂದ್ಮೇಲೆ ನಿನ್ನ ಯೂನಿಫಾರ್ಮ್ ಉದ್ದ ಮಾಡ್ಕೊಡ್ತೀನಿ, ಮಂಡಿ ಮೇಲೆ ಹೋಗಿದೆ ನೋಡು,” ಎಂದಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಚೂಟಿ, ಪಟಾಕಿ ಸ್ಕೂಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಂದು ಕೂತಳು. ಆಸ್ಪತ್ರೆಯಲ್ಲಿ ನೆಲ ಒರೆಸುವವರ ತಿಳಿನೀಲಿ ಕೋಟು ಹಾಕಿದ್ದಳು. ಕೈಗೆ ಫಿನಾಯಿಲಿನ ವಾಸನೆ. ಕಿಟಕಿಯ ಹೊರಗೆ ನೋಡುತ್ತ, ತನ್ನ ಪಾಡಿಗೆ ತಾನು ಗುನುಗತೊಡಗಿದಳು.

ತುಂಬಿದ ಬಾಟಲಿ ಮನೆಯಿಂದ ಹೊರಟಿತು,
ತುಂಬಿದ ಬಾಟಲಿ ಮನೆಗೆ ಬಂತು.
ನಡುವಿನ ಹನ್ನೊಂದು ಗಂಟೆಯ ದಾಹ
ಯಾರ ನೆಲವ ತೊಳೆದು ಹೋಯ್ತು?

“ನೆಲ ಅಂತೆ!” ಪಟಾಕಿ ಚೂಟಿಯ ಪಕ್ಕೆಗೆ ತಿವಿದು ಪಿಸುಗುಟ್ಟಿದಳು. “ತಪ್ಪು ಹಾಡ್ತಿದ್ದಾರೆ ಕಣೇ. ಹೇಳೇ, ಅದು ನಿನ್ನ ಸಾಲು ಅಂತ. ಹೇಳೇ!”

ಅಜ್ಜಿ ಅವರತ್ತ ತಿರುಗಿದಳು. ತನ್ನ ಹಾಡು ಕೇಳಿಸಿಬಿಟ್ಟಿತಲ್ಲ ಎಂದು ಸ್ವಲ್ಪ ನಾಚಿಕೆ, ಸ್ವಲ್ಪ ಜಂಬ.

“ಚೆನ್ನಾಗಿದೆಯಾ ಮಕ್ಕಳೇ? ಇದು ನಮ್ಮ ಹಾಡು. ನಾವು ಆಸ್ಪತ್ರೆಯವರೆಲ್ಲ ಹಾಡ್ತೀವಿ. ನಿಂಗೆ ಬರುತ್ತಾ ಪುಟ್ಟೀ?”

ಚೂಟಿ ಅಜ್ಜಿಯ ಕೈಗಳನ್ನು ನೋಡಿದಳು. ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಸುಕ್ಕಾಗಿದ್ದವು. ಒಂದು ಮಾತು ಅವಳ ತುಟಿಯವರೆಗೆ ಬಂದಿತ್ತು. ಅದನ್ನು ಅಲ್ಲೇ ನಿಲ್ಲಿಸಿಕೊಂಡಳು.

“ಇಲ್ಲ ಅಜ್ಜಿ,” ಎಂದಳು, ಸೀಟಿನಲ್ಲಿ ಸ್ವಲ್ಪ ಹತ್ತಿರಕ್ಕೆ ಸರಿಯುತ್ತ. “ಹೇಳ್ಕೊಡಿ.”